ಇಂದಿರಾ ಒಲ್ಲೆನೆಂದಾಗ

ಗಂಡು ತನ್ನ ತಪ್ಪನ್ನು ಒಪ್ಪಿಕೊಂಡು ಮರಳಿ ಕೈ ಚಾಚಿದ್ದಾನೆ. ಅವನೆಂದರೆ ಒಂದು ಕಾಲಕ್ಕೆ ಅವಳಿಗೆ ಜೀವ. ಅವನು ಜಾರಿ ಬಿದ್ದು ಹಾಸಿಗೆ ಹಿಡಿದಾಗ ಆರೈಕೆ ಮಾಡಿದವಳೂ ಅವಳೇ. ಇನ್ನೇನು, ಎರಡು ಹನಿ ಕಣ್ಣೀರು, ಕ್ಷಮೆ, ಮದುವೆಯ ಓಲಗ. 1967ರಲ್ಲಿ ಚಿತ್ರಮಂದಿರದಲ್ಲಿ ಕುಳಿತಿದ್ದ ಪ್ರೇಕ್ಷಕ ಇದನ್ನಲ್ಲದೆ ಬೇರೇನನ್ನು ನಿರೀಕ್ಷಿಸಿಯಾನು? ‘ಬೆಳ್ಳಿಮೋಡ’ದ ಇಂದಿರಾ ಮಾತ್ರ ಒಲ್ಲೆ ಎಂದಳು.

ನನ್ನ ಮಟ್ಟಿಗೆ ಕನ್ನಡದ ಅತ್ಯುತ್ತಮ ಪ್ರೇಮಚಿತ್ರ ಇದೇ. ಪ್ರೇಮ ಮುರಿದುಬೀಳುವ ಕಥೆಯನ್ನು ಪ್ರೇಮಚಿತ್ರವೆನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ಇಂದಿರಾ ಎಷ್ಟು ಪ್ರೀತಿಸಿದ್ದಳೆಂಬುದು ಅವಳು ನಿರಾಕರಿಸುವ ಆ ಗಳಿಗೆಯಲ್ಲಿಯೇ ನಮಗೆ ಪೂರ್ತಿ ತಿಳಿಯುವುದು.

ಕಥೆ ಮೇಲುನೋಟಕ್ಕೆ ಸರಳ. ಮಲೆನಾಡಿನ ಸಿರಿವಂತ ಮನೆಯ ಒಬ್ಬಳೇ ಮಗಳು ಇಂದಿರಾ. ಅವಳೊಂದಿಗೆ ನಿಶ್ಚಯವಾದ ಮೋಹನ ಭಾವೀ ಮಾವನ ಹಣದಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಂದಿರಾಳ ತಾಯಿ ತಡವಾಗಿ ಗಂಡುಮಗುವನ್ನು ಹೆತ್ತು ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನನಿಗೆ ಸಂಬಂಧ ಬೇಡವಾಗುತ್ತದೆ. ಒಂದು ತೊಟ್ಟಿಲು ಮನೆಗೆ ಬಂದದ್ದೇ ಒಂದು ಪ್ರೇಮದ ಬೆಲೆಯನ್ನು ತೂಗಿ ತೋರಿಸಿಬಿಟ್ಟಿತು. ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಇರುವುದು ಲೆಕ್ಕಾಚಾರ ಮಾತ್ರ. ಅದು ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವಂಥದ್ದೇ ಆದ್ದರಿಂದ ಹೆಚ್ಚು ಚುಚ್ಚುತ್ತದೆ.

ಈ ನಿರಾಕರಣೆಯನ್ನು ಮೊದಲು ಬರೆದವರು ಮೈಸೂರಿನ ತ್ರಿವೇಣಿ. ಹೆಣ್ಣಿನ ಮನಸ್ಸಿನ ಒಳಕೋಣೆಗಳಿಗೆ ದೀಪ ಹಿಡಿದ ಕಾದಂಬರಿಗಾರ್ತಿ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆಗ ಮೂವತ್ತೈದೂ ತುಂಬಿರಲಿಲ್ಲ. ಹೆತ್ತು ಕಣ್ಮುಚ್ಚುವ ತಾಯಿಯ ಪಾತ್ರ ಬರುವ ಕಾದಂಬರಿಯನ್ನು ಇದು ಗೊತ್ತಿದ್ದು ಓದುವುದು ಕಷ್ಟ. ಇಂದಿರಾಳನ್ನು ಅವರು ತೆರೆಯ ಮೇಲೆ ನೋಡಲೇ ಇಲ್ಲ.

ನಿರ್ದೇಶಕ ಪುಟ್ಟಣ್ಣ ಕಣಗಾಲರಿಗೆ ಇದು ಕನ್ನಡದಲ್ಲಿ ಮೊದಲ ಚಿತ್ರ, ವೃತ್ತಿಯಲ್ಲಿ ಮೊದಲನೆಯದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಹೊರಟು, ಬಿ.ಆರ್. ಪಂತುಲು ಅವರ ಗರಡಿಯಲ್ಲಿ ಸಹಾಯಕರಾಗಿ ಪಳಗಿ, ಅವರು ಮೊದಲು ಸ್ವತಂತ್ರರಾದದ್ದು ಮಲಯಾಳದಲ್ಲಿ. ಅಲ್ಲಿಯೂ ತ್ರಿವೇಣಿಯವರನ್ನು ಬಿಟ್ಟಿರಲಿಲ್ಲ: 1966ರ ‘ಪೂಚಕ್ಕಣ್ಣಿ’ಗೆ ‘ಬೆಕ್ಕಿನ ಕಣ್ಣು’ ಕಾದಂಬರಿಯೇ ಆಧಾರ. ಕಾದಂಬರಿ ಆಧಾರಿತ ಚಿತ್ರಗಳ ಯುಗ ‘ಬೆಳ್ಳಿಮೋಡ’ದಿಂದಲೇ ಶುರುವಾಯಿತೆಂಬ ಮಾತು ಆಗಾಗ ಕೇಳಿಬರುತ್ತದೆ, ಅದು ಪೂರ್ತಿ ಸರಿಯಲ್ಲ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ ‘ಕರುಣೆಯೇ ಕುಟುಂಬದ ಕಣ್ಣು’ 1962ರಲ್ಲೇ ಬಂದಿತ್ತು. ಪುಟ್ಟಣ್ಣ ತಂದದ್ದು ಬೇರೆ ಬಗೆಯ ಧೈರ್ಯ. ಲೇಖಕಿಯೊಬ್ಬಳು ಕಂಡ ಹೆಣ್ಣನ್ನು ತೆರೆಗೆ ತರುವಾಗ, ಕೊನೆಯಲ್ಲಿ ಮದುವೆ ಮಾಡಿಸಿ ಪ್ರೇಕ್ಷಕರನ್ನು ಸಮಾಧಾನಪಡಿಸುವ ಗೋಜಿಗೆ ಅವರು ಹೋಗಲಿಲ್ಲ.

ಪಂತುಲು ಅವರೇ 1963ರ ‘ಸಾಕು ಮಗಳು’ ಚಿತ್ರದಲ್ಲಿ ಪರಿಚಯಿಸಿದ್ದ ಕಲ್ಪನಾ ಇಲ್ಲಿ ಇಂದಿರಾ, ಕಲ್ಯಾಣ್‌ಕುಮಾರ್ ಮೋಹನ. ತಂದೆಯ ಪಾತ್ರದಲ್ಲಿ ಅಶ್ವತ್ಥ್, ತಾಯಿಯಾಗಿ ಪಂಢರೀಬಾಯಿ. ಕಪ್ಪು ಬಿಳುಪಿನ ಚಿತ್ರವಾದರೂ ಮಲೆನಾಡಿನ ಬೆಳಕು ಕಣ್ಣಿಗೆ ತಂಪೆರೆಯುತ್ತದೆ. ಅಲ್ಲಿನ ಬೆಟ್ಟ, ಮಂಜುಗಳೆಲ್ಲ ಇಂದಿರಾಳ ಮನಸ್ಸಿನ ಹವಾಮಾನದಂತೆ ಬದಲಾಗುತ್ತ ಹೋಗುತ್ತವೆ.

ವಿಜಯಭಾಸ್ಕರ್ ಅವರ ಸಂಗೀತದ ಬಗ್ಗೆ ಬರೆಯದಿದ್ದರೆ ಅರ್ಧ ಚಿತ್ರವನ್ನೇ ಬಿಟ್ಟಂತೆ. ಬೇಂದ್ರೆಯವರ ‘ಬೆಳಗು’ ಕವಿತೆ, ಅಂದರೆ ‘ಮೂಡಲ ಮನೆಯ’, ಎಸ್. ಜಾನಕಿಯವರ ಕಂಠದಲ್ಲಿ ಪುಸ್ತಕ ತೆರೆಯದವರ ಬಾಯಿಗೂ ಬಂದದ್ದು ಈ ಚಿತ್ರದಿಂದ. ಇನ್ನು ‘ಇದೇ ನನ್ನ ಉತ್ತರ’ ಎಂಬ ಯುಗಳಗೀತೆ. ಪ್ರೇಮಿಗಳ ಸರಸದ ಹಾಡು ಅದು. ಕಥೆ ಗೊತ್ತಿದ್ದವರು ಎರಡನೆಯ ಸಲ ಕೇಳುವಾಗ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಇಂದಿರಾಳ ನಿಜವಾದ ಉತ್ತರ ಇನ್ನೂ ಬರಬೇಕಿದೆ.

ಮೊದಲ ಸಲ ನೋಡಿದಾಗ ನನಗೆ ಮೋಹನನ ಮೇಲೆ ಕನಿಕರ ಹುಟ್ಟಿತ್ತು. ಪಶ್ಚಾತ್ತಾಪಪಟ್ಟವನಿಗೆ ಇನ್ನೊಂದು ಅವಕಾಶ ಕೊಡಬಾರದೇ ಎನ್ನಿಸಿತ್ತು. ವರ್ಷಗಳು ಕಳೆದ ಮೇಲೆ ತಿಳಿದದ್ದು ಇಷ್ಟು: ಇಂದಿರಾ ಅವನನ್ನು ದಂಡಿಸುತ್ತಿಲ್ಲ. ಕ್ಷಮಿಸಿಯೂ ಇರಬಹುದು. ಆದರೆ ಆಸ್ತಿಯ ತಕ್ಕಡಿಯಲ್ಲಿ ತನ್ನನ್ನು ಒಮ್ಮೆ ತೂಗಿದ ಕೈಗೆ ಮತ್ತೆ ತನ್ನ ಕೈಯನ್ನು ಕೊಡಲಾರಳು. ಮನೆಗೆ ಬಂದ ರೋಗಿಯ ಶುಶ್ರೂಷೆಯೇ ಬೇರೆ, ಕೈಹಿಡಿದು ಬಾಳುವುದೇ ಬೇರೆ. ಕಲ್ಪನಾ ಅಭಿನಯದಲ್ಲಿ ಈ ಎರಡರ ನಡುವಿನ ಗೆರೆ ಎಲ್ಲಿಯೂ ಅಳಿಸಿಹೋಗುವುದಿಲ್ಲ.

ಮುಂದೆ ಪುಟ್ಟಣ್ಣ ಹೆಣ್ಣಿನ ಕಥೆಗಳನ್ನೇ ಹಿಂಬಾಲಿಸಿದರು. ‘ಗೆಜ್ಜೆಪೂಜೆ’ಯ ಚಂದ್ರಾ ಪ್ರಾಣ ಬಿಡುತ್ತಾಳೆ. ‘ಶರಪಂಜರ’ದ ಕಾವೇರಿ ಮತ್ತೆ ಮಾನಸಿಕ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. 1981ರ ‘ರಂಗನಾಯಕಿ’ಯೂ ಸಾವಿನಲ್ಲೇ ಮುಗಿಯುತ್ತದೆ. ಇವೆಲ್ಲ ದೊಡ್ಡ ಚಿತ್ರಗಳೇ. ಆದರೂ ಹೆಣ್ಣು ತನ್ನ ಮಾತಿಗೆ ಜೀವವನ್ನೋ ಬುದ್ಧಿಯನ್ನೋ ತೆರಲೇಬೇಕೆಂಬ ಅವುಗಳ ಪಟ್ಟು ನನ್ನನ್ನು ನೋಯಿಸುತ್ತದೆ. ಆಗೆಲ್ಲ ನಾನು ಅವರ ಮೊದಲ ಕನ್ನಡ ಚಿತ್ರಕ್ಕೆ ಹಿಂತಿರುಗುತ್ತೇನೆ. ಇಂದಿರಾ ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ. ‘ಬೆಳ್ಳಿಮೋಡ’ ಎಂಬ ಹೆಸರಿನ ಆ ಮನೆಯಲ್ಲಿ ಅವಳಿಗೆ ನಾಳೆಯೂ ಬೆಳಗಾಗುತ್ತದೆ, ಎತ್ತಿ ಆಡಿಸಲು ತಾಯಿಯಿಲ್ಲದ ಪುಟ್ಟ ತಮ್ಮನಿದ್ದಾನೆ.