ಹಿಂದಕ್ಕೂ ಓಡಿದ ಮುನ್ಪಡೆ ಆಟಗಾರ: ಮಾರಿಯೊ ಜಗಾಲೊ ಕಟ್ಟಿದ ಬ್ರೆಜಿಲ್

1970ರ ಜೂನ್ 21ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಇಟಲಿ ಎದುರು ಬ್ರೆಜಿಲ್ ಹೊಡೆದ ನಾಲ್ಕನೇ ಗೋಲನ್ನು ಫುಟ್‌ಬಾಲ್ ಪ್ರಿಯರು ಇಂದಿಗೂ ಮತ್ತೆ ಮತ್ತೆ ನೋಡುತ್ತಾರೆ. ಪೆಲೆ ನಿಧಾನವಾಗಿ ಬಲಕ್ಕೆ ಉರುಳಿಸಿದ ಚೆಂಡು, ಓಡಿಬಂದ ಕಾರ್ಲೋಸ್ ಆಲ್ಬರ್ಟೊ ಬಾರಿಸಿದ ಹೊಡೆತ ಎಲ್ಲರಿಗೂ ನೆನಪಿದೆ. ಆ ಗೋಲು ಎಲ್ಲಿ ಹುಟ್ಟಿತು ಎಂಬುದನ್ನು ಗಮನಿಸಿದವರು ಕಡಿಮೆ. ಮುನ್ಪಡೆಯ ಟೊಸ್ಟಾವೊ ತಮ್ಮದೇ ರಕ್ಷಣಾ ಸಾಲಿನ ಹತ್ತಿರದವರೆಗೆ ಓಡಿಬಂದು ಇಟಲಿಯವರಿಂದ ಚೆಂಡು ಕಸಿದಿದ್ದರು. ಎಲ್ಲವೂ ಶುರುವಾದದ್ದು ಅಲ್ಲಿಂದ. ಕೋಚ್ ಮಾರಿಯೊ ಜಗಾಲೊ ಅವರನ್ನು ಅರಿಯಲು ನನಗೆ ಆ ಒಂದು ಓಟವೇ ಸಾಕೆನಿಸುತ್ತದೆ.

ಏಕೆಂದರೆ ಜಗಾಲೊ ಸ್ವತಃ ಹಾಗೆ ಓಡಿದವರು. 1931ರಲ್ಲಿ ಅಲಗೋಅಸ್ ರಾಜ್ಯದಲ್ಲಿ ಹುಟ್ಟಿ ರಿಯೊದಲ್ಲಿ ಬೆಳೆದ ಅವರು, 1950ರ ವಿಶ್ವಕಪ್‌ನಲ್ಲಿ ಉರುಗ್ವೆ ಎದುರು ಬ್ರೆಜಿಲ್ ಸೋತ ದಿನ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಸೈನಿಕನ ಸಮವಸ್ತ್ರ ತೊಟ್ಟು ಕಾವಲಿಗೆ ನಿಂತಿದ್ದರು. ಆಗ ಅವರಿಗೆ ವಯಸ್ಸು 18. ಎಂಟು ವರ್ಷಗಳ ನಂತರ, 1958ರ ವಿಶ್ವಕಪ್ಪಿಗೆ ಸ್ವೀಡನ್ನಿಗೆ ಹೊರಟ ತಂಡದಲ್ಲಿ ಎಡಬದಿಯ ಜಾಗಕ್ಕೆ ಮೊದಲ ಹೆಸರು ಅವರದಾಗಿರಲಿಲ್ಲ. ಸಿಡಿಲಿನಂಥ ಹೊಡೆತದ ಪೆಪೆ ಇದ್ದರು. ಪೆಪೆ ಗಾಯಗೊಂಡರು, ಜಗಾಲೊ ಒಳಗೆ ಬಂದರು.

ಅದು ಆಕಸ್ಮಿಕವೇ ಆದರೂ ಅದರಿಂದ ಆಟದ ವಿನ್ಯಾಸವೇ ಬದಲಾಯಿತು. ಬ್ರೆಜಿಲ್ ಆಗ 4-2-4 ಮಾದರಿಯಲ್ಲಿ ಆಡುತ್ತಿತ್ತು. ಹಿಂದೆ ನಾಲ್ವರು, ಮುಂದೆ ನಾಲ್ವರು, ನಡುವೆ ಇಬ್ಬರೇ. ಚೆಂಡು ಕೈತಪ್ಪಿದರೆ ನಡು ಅಂಗಳ ಬಟ್ಟಬಯಲು. ಜಗಾಲೊ ಎಡ ಅಂಚಿನಿಂದ ಹಿಂದೆ ಸರಿದು, ಜೀಟೊ ಮತ್ತು ದೀದಿ ಅವರ ಪಕ್ಕದಲ್ಲಿ ಮೂರನೆಯವರಾಗಿ ನಿಲ್ಲುತ್ತಿದ್ದರು. ಚೆಂಡು ಸಿಕ್ಕೊಡನೆ ಮತ್ತೆ ಮುಂದಕ್ಕೆ. ಹೀಗೆ 4-2-4 ತಾನಾಗಿಯೇ 4-3-3 ಆಯಿತು. ಬಲಗಡೆ ಗಾರಿಂಚಾ ಮನಬಂದಂತೆ ಆಡಲು ಸಾಧ್ಯವಾದದ್ದು ಎಡಗಡೆ ಈ ದುಡಿಮೆ ನಡೆಯುತ್ತಿದ್ದುದರಿಂದ. ಅಭಿಮಾನಿಗಳು ಅವರನ್ನು 'ಪುಟ್ಟ ಇರುವೆ' ಎಂದು ಕರೆದರು. ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ 5-2ರ ಗೆಲುವು, ಅದರಲ್ಲಿ ನಾಲ್ಕನೇ ಗೋಲು ಇರುವೆಯದು. 1962ರಲ್ಲಿ ಚಿಲಿಯಲ್ಲಿ ಎರಡನೇ ವಿಶ್ವಕಪ್ಪೂ ಬಂತು.

ನಿವೃತ್ತಿಯ ನಂತರ ಬೊಟಾಫೊಗೊ ತಂಡದ ಕೋಚ್ ಆಗಿದ್ದ ಅವರಿಗೆ ರಾಷ್ಟ್ರೀಯ ತಂಡ ದಕ್ಕಿದ್ದು ಕಹಿ ಗಳಿಗೆಯಲ್ಲಿ. 1969ರ ಆರೂ ಅರ್ಹತಾ ಪಂದ್ಯಗಳನ್ನು ಗೆದ್ದುಕೊಟ್ಟಿದ್ದ ಕೋಚ್ ಜೋವೊ ಸಲ್ದಾನಾ ಕಮ್ಯುನಿಸ್ಟರು. ದೇಶದಲ್ಲಿದ್ದುದು ಸೈನಿಕ ಆಡಳಿತ. ಅಧ್ಯಕ್ಷ ಮೆಡಿಸಿ ಅವರಿಗೆ ಮೆಚ್ಚಿಗೆಯಾಗಿದ್ದ ಮುನ್ಪಡೆ ಆಟಗಾರ ಡಾರಿಯೊನನ್ನು ತಂಡಕ್ಕೆ ಸೇರಿಸಿಕೊಳ್ಳುವ ವಿಚಾರದಲ್ಲೂ ಜಟಾಪಟಿ ನಡೆದಿತ್ತು. 1970ರ ಮಾರ್ಚ್‌ನಲ್ಲಿ ಸಲ್ದಾನಾ ಅವರನ್ನು ತೆಗೆದುಹಾಕಲಾಯಿತು. ವಿಶ್ವಕಪ್ಪಿಗೆ ಉಳಿದಿದ್ದು ಮೂರು ತಿಂಗಳಿಗೂ ಕಡಿಮೆ. ಜಗಾಲೊ ಡಾರಿಯೊನನ್ನು ಮೆಕ್ಸಿಕೊಗೆ ಕರೆದೊಯ್ದರು, ಆದರೆ ಒಂದು ನಿಮಿಷವೂ ಆಡಿಸಲಿಲ್ಲ. ಸಲ್ದಾನಾ ಅವರಿಗೆ ಆದದ್ದು ಅನ್ಯಾಯ ಎಂದೇ ನಾನು ನಂಬುತ್ತೇನೆ. ಹಾಗೆಂದು ಜಗಾಲೊ ಸಿದ್ಧ ಅಡುಗೆ ಬಡಿಸಿದರು ಎನ್ನುವುದೂ ಸರಿಯಲ್ಲ.

ಅವರ ಮುಂದಿದ್ದ ಒಗಟು ದೊಡ್ಡದು. ಪೆಲೆ, ಟೊಸ್ಟಾವೊ, ಗೆರ್ಸನ್, ರಿವೆಲಿನೊ, ಜೈರ್‌ಜಿನ್ಹೊ: ಒಬ್ಬರನ್ನು ಆಡಿಸಿದರೆ ಇನ್ನೊಬ್ಬರಿಗೆ ಜಾಗವಿಲ್ಲ ಎನ್ನುವಂಥ ಐವರು. ಜಗಾಲೊ ಐವರನ್ನೂ ಆಡಿಸಿದರು. ರಿವೆಲಿನೊ ಅವರನ್ನು ಎಡಕ್ಕೆ, ತಾವು ಹಿಂದೆ ನಿಂತಿದ್ದ ಜಾಗಕ್ಕೇ ಕಳುಹಿಸಿದರು. ನಡು ಅಂಗಳದ ಪಿಯಾಜಾ ಅವರನ್ನು ರಕ್ಷಣೆಗೆ ಇಳಿಸಿದರು. ಚೆಂಡು ಹೋದರೆ ಪೆಲೆಯೂ ಸೇರಿದಂತೆ ಎಲ್ಲರೂ ಹಿಂದೆ ಬರಬೇಕೆಂಬುದು ಕಟ್ಟುನಿಟ್ಟು. ಫಲ ಆರು ಪಂದ್ಯ, ಆರು ಗೆಲುವು, 19 ಗೋಲು. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರಲ್ಲಿ ಅವರೇ ಮೊದಲಿಗರು. ಬೆಕೆನ್‌ಬಾವರ್ ಆ ಸಾಲಿಗೆ ಸೇರಿದ್ದು 1990ರಲ್ಲಿ, ಡೆಶಾಂಪ್ಸ್ 2018ರಲ್ಲಿ.

1974ರ ವಿಶ್ವಕಪ್‌ನಲ್ಲಿ ಪೆಲೆ ಇರಲಿಲ್ಲ, ಟೊಸ್ಟಾವೊ, ಗೆರ್ಸನ್ ಕೂಡ ಇರಲಿಲ್ಲ. ಡಾರ್ಟ್‌ಮಂಡ್‌ನಲ್ಲಿ ನೆದರ್‌ಲೆಂಡ್ಸ್ 2-0ಯಿಂದ ಸೋಲಿಸಿತು. ಒಬ್ಬ ವಿಂಗರ್, ಅಂದರೆ ಅಂಚಿನ ಆಟಗಾರ, ಹಿಂದಕ್ಕೂ ಮುಂದಕ್ಕೂ ಓಡಿ ಮಾಡುತ್ತಿದ್ದುದನ್ನು ಡಚ್ಚರು ಇಡೀ ತಂಡದಿಂದ ಮಾಡಿಸುತ್ತಿದ್ದರು. ತಮ್ಮ ವಿದ್ಯೆಯೇ ಬೆಳೆದು ಎದುರು ನಿಂತಾಗ ಜಗಾಲೊ ಬಳಿ ಉತ್ತರವಿರಲಿಲ್ಲ.

ಕುವೈತ್, ಸೌದಿ ಅರೇಬಿಯಾಗಳಲ್ಲಿ ದುಡಿದರು; ಯುಎಇ ತಂಡವನ್ನು 1990ರ ವಿಶ್ವಕಪ್ಪಿಗೆ ಅರ್ಹಗೊಳಿಸಿದರು. 1994ರಲ್ಲಿ ಪರೇರಾ ಕೋಚ್ ಆಗಿದ್ದ ತಂಡಕ್ಕೆ ಸಂಯೋಜಕರಾಗಿ ನಾಲ್ಕನೇ ವಿಶ್ವಕಪ್ ಕಂಡರು. ಟೀಕೆ ಮಾತ್ರ ನಿಲ್ಲಲಿಲ್ಲ. 1997ರಲ್ಲಿ ಬೊಲಿವಿಯಾದಲ್ಲಿ ಕೋಪಾ ಅಮೆರಿಕ ಗೆದ್ದೊಡನೆ ಅವರು ಕ್ಯಾಮೆರಾ ಮುಂದೆ ಕೆಂಡವಾಗಿ ಕೂಗಿದರು: ನೀವು ನನ್ನನ್ನು ನುಂಗಿಕೊಳ್ಳಲೇಬೇಕು! ಮರುವರ್ಷ ಪ್ಯಾರಿಸ್ ಬಳಿ ವಿಶ್ವಕಪ್ ಫೈನಲ್ ದಿನವೇ ರೊನಾಲ್ಡೊ ಅಸ್ವಸ್ಥರಾದರು. ಮೊದಲ ಪಟ್ಟಿಯಲ್ಲಿ ಅವರ ಬದಲು ಎಡ್ಮುಂಡೊ ಹೆಸರಿತ್ತು. ಆಸ್ಪತ್ರೆಯಿಂದ ಬಂದ ರೊನಾಲ್ಡೊ ಆಡುತ್ತೇನೆಂದಾಗ ಜಗಾಲೊ ಒಪ್ಪಿದರು. ಫ್ರಾನ್ಸ್ 3-0ಯಿಂದ ಗೆದ್ದಿತು. ಆ ಸಂಜೆ ಬೇಡವೆನ್ನುವ ಗಟ್ಟಿತನ ಬೇಕಿತ್ತು ಎಂದು ಇಂದು ನಾವು ಹೇಳುವುದು ಸುಲಭ.

13 ಅವರ ಅದೃಷ್ಟದ ಸಂಖ್ಯೆ. ಪತ್ನಿ ಜೂನ್ 13ರ ಹಬ್ಬದ ಸಂತ ಅಂತೋನಿಯವರ ಭಕ್ತೆಯಾಗಿದ್ದರಿಂದ ಬಂದ ನಂಬಿಕೆ ಅದು. 2024ರ ಜನವರಿ 5ರಂದು, 92ನೇ ವಯಸ್ಸಿನಲ್ಲಿ ಅವರು ರಿಯೊದಲ್ಲಿ ತೀರಿಕೊಂಡರು. 1958ರ ಫೈನಲ್‌ಗೆ ಬ್ರೆಜಿಲ್ ಪರ ಅಂಗಳಕ್ಕಿಳಿದಿದ್ದ ಹನ್ನೊಂದು ಮಂದಿಯಲ್ಲಿ ಅಲ್ಲಿಯವರೆಗೆ ಉಳಿದಿದ್ದವರು ಅವರೊಬ್ಬರೇ.