ಬಿಟ್ಟ ಪದಕ್ಕೆಲ್ಲ ಚುಕ್ಕಿ ಬೇಡ

ಪ್ರೂಫ್ ನೋಡುವಾಗ ನಾನು ಅತಿ ಹೆಚ್ಚು ಅಳಿಸೋದು ಚುಕ್ಕಿಗಳನ್ನ. ಮೂರಲ್ಲ, ಐದು, ಎಂಟು, ಒಂದೊಂದ್ಸಲ ಅರ್ಧ ಸಾಲು. ಕೇಳಿದ್ರೆ "ಮೇಡಂ, ಅಲ್ಲಿ ಒಂದು ಪದ ಬಿಟ್ಟಿದೀನಲ್ಲ, ಅದಕ್ಕೆ" ಅಂತಾರೆ. ಪದ ಬಿಟ್ಟ ಕಡೆಗೆಲ್ಲ ಚುಕ್ಕಿ ಬೇಕಿಲ್ಲ ಅಂತ ಎಷ್ಟು ಜನಕ್ಕೆ ಹೇಳಿದೀನೋ!

"ನಾನು ಕಾಫಿ ಕುಡಿದೆ, ಅವಳು ಟೀ." ಇಲ್ಲಿ ಎರಡನೇ ಕ್ರಿಯಾಪದ ಇಲ್ಲ, ಆದ್ರೂ ಯಾರಿಗೂ ಅನುಮಾನ ಬರಲ್ಲ. ಮೊದಲು ಬಂದಿರೋದು 'ಕುಡಿದೆ', ಅದನ್ನ ನಾವು ತಾನಾಗೇ 'ಕುಡಿದಳು' ಅಂತ ಬದಲಾಯಿಸ್ಕೊಂಡು ಓದ್ತೀವಿ. ಹೀಗೆ ಬಿಟ್ಟಿದ್ದನ್ನ ತುಂಬಿಕೊಳ್ಳೋದಕ್ಕೇ ಹಳೇ ವ್ಯಾಖ್ಯಾನಕಾರರು ಅಧ್ಯಾಹಾರ ಅಂದಿರೋದು. ಅದನ್ನೇ "ಅವಳು ಟೀ..." ಅಂತ ಬರೆದ್ರೆ ಓದೋರು ಕಾಯ್ತಾ ಕೂರ್ತಾರೆ, ಚೆಲ್ಲಿದಳಾ, ಬೇಡ ಅಂದಳಾ, ಏನಾಯ್ತು ಅಂತ.

ಚುಕ್ಕಿ ಬೇಕಾಗೋದು ಮಾತು ಅರ್ಧಕ್ಕೆ ನಿಂತಾಗ, ಇಲ್ಲಾ ಇನ್ನೊಬ್ಬರ ಮಾತನ್ನ ಕತ್ತರಿಸಿ ಕೊಡುವಾಗ. ಕತ್ತರಿಸುವಾಗ ಹುಷಾರು, ಕನ್ನಡದಲ್ಲಿ 'ಇಲ್ಲ', 'ಅಲ್ಲ' ಬರೋದು ಸಾಮಾನ್ಯವಾಗಿ ವಾಕ್ಯದ ಕೊನೇಲಿ. "ಈ ಔಷಧಿ ಮಕ್ಕಳಿಗೆ ಕೊಡಬಹುದು ಅಂತ ನಾನು ಹೇಳಲ್ಲ" ಅನ್ನೋದರ ಬಾಲ ಕತ್ತರಿಸಿ ಮೂರು ಚುಕ್ಕಿ ಇಟ್ರೆ ಡಾಕ್ಟರ ಮಾತು ಪೂರ್ತಿ ತಲೆಕೆಳಗು. ಕಥೆ, ಕವಿತೆ ವಿಷಯ ಬೇರೆ, ಅಲ್ಲಿ ನಾನು ಲೇಖಕರನ್ನ ಕೇಳದೆ ಮುಟ್ಟಲ್ಲ.

ಇನ್ನೊಂದು ಇದೆ. 'ಬಂದೆವು' ಅಂದ್ರೆ ನಾವು, 'ಬಂದಳು' ಅಂದ್ರೆ ಅವಳು, ಹೆಸರು ಬಿಟ್ರೂ ನಡೆಯುತ್ತೆ. ಆದ್ರೆ 'ಬರಲಿಲ್ಲ', 'ಹೋಗಬೇಕು' ಇವುಗಳಲ್ಲಿ ಯಾರು ಅನ್ನೋದು ಗೊತ್ತಾಗಲ್ಲ. ಹಿಂದಿನ ವಾಕ್ಯದಿಂದ ತಿಳಿದ್ರೆ ಸರಿ, ಇಲ್ಲಾಂದ್ರೆ ಹೆಸರೇ ಹಾಕ್ಬೇಕು, ಚುಕ್ಕಿ ಆ ಕೆಲಸ ಮಾಡಲ್ಲ.

ರಿಟೈರ್ ಆದ ಮೇಷ್ಟ್ರೊಬ್ಬರು ತಮ್ಮ ನೆನಪುಗಳನ್ನ ಬರೆದು ತಂದಿದ್ರು. ಅಪ್ಪನಿಗೆ ಸೀರಿಯಸ್ ಅಂತ ಸುದ್ದಿ ಬಂದು ಅಣ್ಣ ಊರಿಗೆ ಹೊರಟಿದ್ದು, ಇವರೂ ಪರೀಕ್ಷೆ ಬಿಟ್ಟು ಇನ್ನೊಂದು ಬಸ್ ಹಿಡಿದಿದ್ದು ಎಲ್ಲ ಬರೆದು, ಆಮೇಲೆ "ಸಮಯಕ್ಕೆ ತಲುಪಲಿಲ್ಲ......" ಅಂತ ಇತ್ತು. ಫೋನ್ ಮಾಡಿ "ಯಾರು ತಲುಪಲಿಲ್ಲ ಸಾರ್?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ನಾನಮ್ಮ, ಅಣ್ಣ ತಲುಪಿದ್ದ" ಅಂದ್ರು.

ಪುಟ ವಾಪಸ್ ಬಂದಾಗ ಚುಕ್ಕಿಗಳನ್ನೆಲ್ಲ ಅವರೇ ಹೊಡೆದುಹಾಕಿದ್ರು. "ನಾನು ತಲುಪಲಿಲ್ಲ" ಅಂತ ಬರೆದು ಪೂರ್ಣವಿರಾಮ ಇಟ್ಟಿದ್ರು.