ಸೇವಕ ನಾಯಕತ್ವ: ‘ಎಲ್ಲರ ಆಳು’ ಅಂದರೇನು?

ಕನ್ನಡದ ‘ಆಳು’ ಪದದಲ್ಲಿ ಎರಡು ಅರ್ಥಗಳಿವೆ. ನಾಡನ್ನು ಆಳುವುದೂ ಅದೇ, ಹೊಲಕ್ಕೆ ಕೂಲಿಗೆ ಬರುವವನೂ ಆಳೇ. ಚರ್ಚುಗಳಲ್ಲಿ ಆಗಾಗ ಕೇಳಿಬರುವ ‘ಸೇವಕ ನಾಯಕತ್ವ’ ಇವೆರಡನ್ನೂ ಒಬ್ಬನಲ್ಲೇ ಕೇಳುತ್ತದೆ.

1970ರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಬರೆದ ಪ್ರಬಂಧದಿಂದ ಈ ಹೆಸರು ಹರಡಿತು. ಬೇರು ಮಾತ್ರ ಬೈಬಲಿನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರು ಅವನ ಬಲಕ್ಕೂ ಎಡಕ್ಕೂ ತಮಗೆ ಜಾಗ ಬೇಕೆಂದು ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಆಗ ಯೇಸು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ, ಮೊದಲಿಗನಾಗಬೇಕೆಂದಿರುವವನು ಎಲ್ಲರ ಆಳಾಗಲಿ ಎನ್ನುತ್ತಾನೆ. ಇಲ್ಲಿ ‘ಸೇವಕ’ನಿಗಿರುವ ಗ್ರೀಕ್ ಪದ ಡಿಯಾಕೊನೊಸ್. ಪಂಕ್ತಿಯಲ್ಲಿ ಬಡಿಸುವವನಿಗೂ ಇದೇ ಪದ.

‘ಆಳಾಗಿ ದುಡಿ, ಅರಸಾಗಿ ಉಣ್ಣು’ ಅನ್ನುತ್ತದೆ ನಮ್ಮ ಗಾದೆ. ಮೊದಲು ದುಡಿಮೆ, ಆಮೇಲೆ ಗದ್ದುಗೆ. ಯೇಸು ಹೇಳಿದ್ದರಲ್ಲಿ ಈ ‘ಆಮೇಲೆ’ ಇಲ್ಲ. ದೊಡ್ಡವನಾದ ಮೇಲೂ ಆಳೇ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಕೊನೆಯ ರಾತ್ರಿಯ ಊಟ. ಯೇಸು ಪಂಕ್ತಿಯಿಂದ ಎದ್ದು ಮೇಲಂಗಿ ತೆಗೆದಿಡುತ್ತಾನೆ. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಸುರಿದು, ಶಿಷ್ಯರ ಕಾಲು ತೊಳೆದು ಒರೆಸುತ್ತಾನೆ. ತನ್ನನ್ನು ಶತ್ರುಗಳಿಗೆ ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಇದ್ದಾನೆ. ಪೇತ್ರ ಬೇಡವೆಂದು ತಡೆಯುತ್ತಾನೆ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದು ಯೇಸು ಖಡಾಖಂಡಿತವಾಗಿ ಹೇಳುತ್ತಾನೆ. ಆಮೇಲೆ ಅಂಗಿ ತೊಟ್ಟು ಕೂತು, ನೀವು ನನ್ನನ್ನು ಗುರು, ಕರ್ತ ಅನ್ನುವುದು ಸರಿಯೇ ಎನ್ನುತ್ತಾನೆ. ಗುರುವಿನ ಜಾಗ ಬಿಟ್ಟುಕೊಡಲಿಲ್ಲ, ಅಲ್ವಾ? ಹಾಗಾಗಿ ಎಲ್ಲದಕ್ಕೂ ಸುಮ್ನೆ ತಲೆಯಾಡಿಸುವವರನ್ನು ಸೇವಕ ನಾಯಕರು ಅನ್ನಲಾಗದು.

ಆ ಕೊನೆಯ ಊಟವನ್ನು ನೆನೆಯುವ ದಿನವಾದ ಪವಿತ್ರ ಗುರುವಾರ, 2013ರಲ್ಲಿ, ಪೋಪ್ ಫ್ರಾನ್ಸಿಸ್ ರೋಮಿನ ಬಾಲಬಂದೀಖಾನೆಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು.

ನಮ್ಮಲ್ಲಿ ಪಾಸ್ಟರುಗಳನ್ನು ‘ದೇವಸೇವಕರು’ ಅಂತ ಕರೆಯುವ ರೂಢಿ ಇದೆ. ಪ್ರೀತಿಯ ಮಾತೇ. ಆದರೆ ದೇವರ ಸೇವಕನೆಂದರೆ ಜನ ಎದ್ದು ನಿಲ್ಲುತ್ತಾರೆ. ‘ಎಲ್ಲರ ಆಳು’ ಎಂದರೆ ಯಾರೂ ಏಳುವುದಿಲ್ಲ. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಮರೆಯುವುದು ತುಂಬ ಸುಲಭ. ಆಗ ಸೇವೆ ಅನ್ನೋದು ಬೇರೆಯವರಿಂದ ಮಾಡಿಸಿಕೊಳ್ಳುವ ಕೆಲಸವಾಗಿಬಿಡುತ್ತದೆ.

ಯೇಸುವಿನ ನಂತರ ಕಟ್ಟಿಕೊಂಡ ಮೊದಲ ಕ್ರೈಸ್ತ ಸಭೆಯಲ್ಲೂ ತಕರಾರು ಬಂದಿತ್ತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ಅವರ ಕಡೆಯವರು ಗೊಣಗಿದರು. ಸಭೆಯ ಮುಂದಾಳುಗಳಾಗಿದ್ದ ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಸ್ತೆಫನ, ಫಿಲಿಪ್ಪ, ನಿಕೊಲಾಯ ಹೀಗೆ ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ.